ಕನ್ನಡ ಬಲ್ಲ ಸಾಂತಾ

ಖಾರ್ಘರ್‌ನ ಹೊಸ ಮನೆಗೆ ಹೋಗಲು ಸಾಮಾನು ಕಟ್ಟುವಾಗ ಅಟ್ಟದ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಬೆಲ್ಲ, ಜಾಯಿಕಾಯಿ ಬೆರೆತ ಹಳೆಯ ವಾಸನೆ. ಅದರಲ್ಲಿದ್ದ ಕರದಂಟು ಮುಗಿದು ಎಷ್ಟೋ ವರ್ಷವಾಗಿತ್ತು, ಉಳಿದದ್ದು ನಾಲ್ಕು ಕಾಗದಗಳು ಮಾತ್ರ. ಕಟ್ಟುವ ಕೆಲಸ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ...

ನಾವು ಮೈಸೂರಿನಿಂದ ಡೊಂಬಿವಲಿಗೆ ಬಂದಾಗ ಮಗಳಿಗೆ ನಾಲ್ಕು ವರ್ಷ. ವರ್ಷ ಕಳೆಯುವಷ್ಟರಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಬರತೊಡಗಿತು. ರಮಿಸಿದೆ, ಗದರಿದೆ, ಗೋಡೆಗೆ ವರ್ಣಮಾಲೆಯ ಪಟ ಅಂಟಿಸಿದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕೊನೆಗೆ ಅವಳಿಗೆ ಕನ್ನಡ ಕಲಿಸಿದವರು ಕೆಳಮನೆಯ ಕಾಕಾ.

ಕಾಕಾ ಬಾಗಲಕೋಟೆಯ ಕಡೆಯವರು. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಸರಕಿನ ಮೇಲೆ ಬಣ್ಣದಲ್ಲಿ ಗುರುತು ಬರೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನಮ್ಮ ಕಟ್ಟಡದ ಸೊಸೈಟಿಯ ಕ್ರಿಸ್‌ಮಸ್‌ಗೆ ಸಾಂತಾ ಆಗಲು ಎಲ್ಲರೂ ನಾಚಿಕೊಂಡಾಗ ತಾವೇ ಕೆಂಪು ಕೋಟು ತೊಟ್ಟರು. ಆಳು ಕಡ್ಡಿಯಂತೆ ಸಣಕಲು. ಹೊಟ್ಟೆಗೆ ದಿಂಬು ಕಟ್ಟಿಕೊಳ್ಳಿ ಎಂದರೆ ಸುತರಾಂ ಒಪ್ಪಲಿಲ್ಲ. ಯಾವುದೋ ಭಾನುವಾರದ ಪುರವಣಿಯಲ್ಲಿ ಸಾಂತಾನ ಪೂರ್ವಾಪರವನ್ನೆಲ್ಲ ಓದಿಕೊಂಡಿದ್ದರು.

"ಮೊದಲನ್ಯಾಂವ ಉಪಾಸ ಮಾಡೋ ಪಾದ್ರಿ ಇದ್ದನ್ರೀ. ಬಡವರ ಮನ್ಯಾಗ ಯಾರಿಗೂ ಗೊತ್ತಾಗಲಾರದಂಗ ಕೊಟ್ಟು ಬರ್ತಿದ್ದ. ಹೊಟ್ಟಿ ಬಂದದ್ದು ಆಮ್ಯಾಲೆ, ಚಿತ್ರಾ ಬರಿಯೋರಿಂದ."

ಅಂಗಿಯೂ ಒಂದು ಕಾಲದಲ್ಲಿ ಹಸಿರು, ಕಂದು ಎಲ್ಲ ಇತ್ತಂತೆ. ತಂಪುಪಾನೀಯದ ಜಾಹೀರಾತಿನವರು ಕೆಂಪನ್ನೇ ಗಟ್ಟಿ ಮಾಡಿದರಂತೆ. ಹೊಟ್ಟೆ ಜಾಹೀರಾತಿನದು, ಕೊಡುವ ಕೈ ಮಾತ್ರ ಅವನದು ಎಂಬುದು ಕಾಕಾ ಅವರ ತೀರ್ಮಾನ. ಅವರ ಚೀಲದಲ್ಲಿ ಚಾಕೊಲೇಟ್ ಇರಲಿಲ್ಲ, ಊರಿನಿಂದ ತರಿಸಿದ ಕರದಂಟು ಇತ್ತು.

ಅವರ ಹಿಂದಿ ಕೇಳಿ ಮಕ್ಕಳು ನಗುತ್ತಾರೆಂದು ಕಮಿಟಿಯವರು ಸುಮ್ಮನಿರಲು ಹೇಳಿದ್ದರು. ಆದರೆ ನನ್ನ ಮಗಳ ಸರದಿ ಬಂದಾಗ ಹತ್ತಿಗಡ್ಡದೊಳಗಿಂದ ಮೆಲ್ಲಗೆ, "ಏನ್ ಬೇಕವ್ವಾ ನಿನಗ?" ಎಂದರು. ಅವಳು ಓಡಿಬಂದು, ಸಾಂತಾಗೆ ಕನ್ನಡ ಮಾತ್ರ ಬರುವುದು ಎಂದು ನನಗೆ ಸುದ್ದಿ ಮುಟ್ಟಿಸಿದಳು. ಹಾಗಾದರೆ ಕನ್ನಡದಲ್ಲೇ ಕಾಗದ ಬರೆಯಬೇಕಾಗುತ್ತದೆ ಎಂದು ನಾನೂ ಸಮಯ ಸಾಧಿಸಿದೆ.

ಮರುವರ್ಷ ಗೋಡೆಯ ಪಟದಿಂದ ಅಕ್ಷರ ಹೆಕ್ಕಿ ಹೆಕ್ಕಿ ಬರೆದಳು. ಪೋಸ್ಟ್ ಮಾಡುತ್ತೇನೆಂದು ನಾನು ಅದನ್ನು ಕೆಳಮನೆಗೆ ಒಯ್ದುಕೊಟ್ಟೆ. ಮರುದಿನ ನಮ್ಮ ಬಾಗಿಲಲ್ಲಿ ಈ ಡಬ್ಬಿ. ಕರದಂಟಿನ ಮೇಲಿಟ್ಟ ಕಾಗದದಲ್ಲಿ ಉತ್ತರ, ಕಬ್ಬಿಣದ ಮೇಲೆ ಬರೆದಂಥದೇ ದಪ್ಪ ಅಕ್ಷರಗಳಲ್ಲಿ. ಮೂರು ವರ್ಷ ಹೀಗೇ ನಡೆಯಿತು. ದೀಪಾವಳಿ ಮುಗಿದರೆ ಸಾಕು, ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕಾಕಾ, ಮೇಲಿನಿಂದ ಕಾಗದ ಬಂತೇ ಎಂದು ವಿಚಾರಿಸುತ್ತಿದ್ದರು.

ನಾಲ್ಕನೆಯ ವರ್ಷ ನಾನೂ ಕಮಿಟಿಯಲ್ಲಿದ್ದೆ. ಠಾಣೆಯ ಮಾಲ್‌ಗಳಲ್ಲಿ ಇರುವಂಥ ದಪ್ಪ ಸಾಂತಾನನ್ನು ಕರೆಸೋಣ, ಫೋಟೋಗಳು ಚೆನ್ನಾಗಿ ಬರುತ್ತವೆ ಎಂದು ಯಾರೋ ಹೇಳಿದರು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ... ಯಾಕೆ ಎತ್ತಿದೆ ಎಂದು ಇಂದಿಗೂ ನನಗೆ ತಿಳಿಯದು. ಕಾಕಾ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತು, ಹೊಸ ಸಾಂತಾನಿಗೆ ಚಪ್ಪಾಳೆ ತಟ್ಟಿದರು.

ಮರುದಿನ ಮಗಳು ಒಂದು ಕಾಗದ ಬರೆದು ಕೊಟ್ಟಳು. ಓದಿದೆ. ಕೆಳಗೆ ಒಯ್ಯಲು ನನಗೆ ಮುಖವಿರಲಿಲ್ಲ; ಕಾಕಾ ಅವರ ಮೂರು ಉತ್ತರಗಳಿದ್ದ ಈ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಸೇರಿಸಿದೆ. ಓದಿದರೆ ಅವರು ನೊಂದುಕೊಳ್ಳುತ್ತಾರೆ ಎಂದು ನೆಪ ಹೇಳಿಕೊಂಡೆ. ಪೋಸ್ಟ್ ಮಾಡಿದೆ ಎಂದು ಅವಳಿಗೆ ಹೇಳಿದೆ. ಅವಳೀಗ ದೊಡ್ಡವಳಾದಳು, ಬರೆಯುವುದಿಲ್ಲ ಎಂದು ಕಾಕಾ ಅವರಿಗೆ ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ಉತ್ತರ ಬರಲಿಲ್ಲವಾದ್ದರಿಂದ ಮಗಳೂ ಕನ್ನಡ ಬರೆಯುವುದನ್ನು ಬಿಟ್ಟಳು.

ಮುಂದೆ ಕಾಕಾ ಮನೆಮಂದಿಯೊಂದಿಗೆ ಎರಡು ಸ್ಟೇಷನ್ ಆಚೆಯ ದಿವಾಕ್ಕೆ ಮನೆ ಬದಲಿಸಿದರು. ಎಷ್ಟೋ ವರ್ಷಗಳ ಮೇಲೆ ಲೋಕಲ್‌ನ ಲೇಡೀಸ್ ಬೋಗಿಯಲ್ಲಿ ಅವರ ಸೊಸೆ ಸಿಕ್ಕಿ, ಮಾವ ತೀರಿಕೊಂಡು ಎರಡು ವರ್ಷವಾಯಿತು ಎಂದಳು. "ಡಿಸೆಂಬರ್ ಬಂತಂದ್ರ ಕೇಳವ್ರೇ ನೋಡ್ರಿ, ಡೊಂಬಿವಲಿ ಮ್ಯಾಗಿನ ಮನಿಂದ ಕಾಗದ ಬಂತೇನು ಅಂತ." ಅಷ್ಟರಲ್ಲಿ ಅವಳ ಸ್ಟೇಷನ್ ಬಂತು, ಇಳಿದುಹೋದಳು.

ಈಗ ಕಾಲೇಜಿನಿಂದ ಬಂದ ಮಗಳು ನನ್ನ ಪಕ್ಕದಲ್ಲಿ ಕುಳಿತು ನಾಲ್ಕನೆಯ ಕಾಗದ ಎತ್ತಿಕೊಂಡಳು. ಕನ್ನಡ ತಡವರಿಸುತ್ತದೆ ಅವಳಿಗೆ. ತಾನೇ ಬರೆದದ್ದನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಸಾಂತಾ, ಈ ಸಲ ನೀನು ಯಾಕೆ ಬರಲಿಲ್ಲ? ನಿನ್ನ ಡ್ರೆಸ್ ಹಾಕಿಕೊಂಡು ಬೇರೆ ಯಾರೋ ಬಂದಿದ್ದರು. ನಾನು ಅವರ ಹತ್ತಿರ ಏನೂ ಕೇಳಲಿಲ್ಲ. ನೀನೇ ಬಾ."

ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದಳು. "ಮಮ್ಮಾ, ಯೇ ಆಪ್‌ನೇ ಭೇಜಾ ನಹೀಂ ಥಾ?"

ಕಳಿಸಿರಲಿಲ್ಲ ಎಂದು ನಾನು ಕನ್ನಡದಲ್ಲಿ ಹೇಳಿದೆ.