ಮೊನೆಯಿಲ್ಲದ ಗಾಳ

ಇಂಗ್ವಾಲ್ಡ್ ಸ್ಕಾರ್‌ನನ್ನು ನಾವೆಲ್ಲ ಭಿಕ್ಷೆ ಇಂಗ್ವಾಲ್ಡ್ ಅಂತಲೇ ಕರೀತಿದ್ವಿ. ಆ ಹೆಸರಿಟ್ಟವನು ನಾನೇ. ಹೇಳೋಕೆ ನಾಲಿಗೆ ಏಳಲ್ಲ, ಆದರೂ ಹೇಳ್ತೀನಿ. ಹೇಳಬೇಕಾಗಿದ್ದ ಹೊತ್ತಲ್ಲಿ ಬಾಯಿಗೆ ಬೀಗ ಹಾಕಿಕೊಂಡವನೂ ನಾನೇ.

ವಿಸ್ಕಾನ್ಸಿನ್‌ನ ನಮ್ಮ ಮೂಲೆಯ ಹೌಗನ್ ಹೊಳೆ ದೊಡ್ಡದೇನಲ್ಲ. ಸೇತುವೆ ಕೆಳಗೆ ಮೊಣಕಾಲುದ್ದ ನೀರು, ತಿರುವಿನಲ್ಲಿ ಸೊಂಟದವರೆಗೆ. ಇಂಗ್ವಾಲ್ಡ್ ನಲವತ್ತು ವರ್ಷ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಹಸುಗಳ ಗೊರಸು ಕೆತ್ತಿದವನು. ಒದೆಯೋ ಹಸುವೂ ಅವನಿಗೆ ತೆಪ್ಪಗೆ ಕಾಲು ಕೊಡ್ತಿತ್ತು. ಮದುವೆ ಆಗಲಿಲ್ಲ. ಕೆಲಸ ಬಿಟ್ಟ ಮೇಲೆ ಅವನಿಗೆ ಉಳಿದದ್ದು ಆ ಹೊಳೆ ಮತ್ತು ಒಂದು ಬಿದಿರಿನ ಗಾಳದಕೋಲು, ಅಷ್ಟೇ.

ಆಗಸ್ಟ್ ಬೆಳಗ್ಗೆ, ಹಾಲಿನ ಲಾರಿ ಹೋದ ಮೇಲೆ, ನೀರಿನ ಮೇಲೆ ಸಾಸಿವೆಯಷ್ಟು ನೊಣಗಳು ಬೀಳ್ತವೆ. ಆಗ ಟ್ರೌಟ್ ಮೀನು ಬೇರೇನನ್ನೂ ಮೂಸಲ್ಲ. ನಾವೂ ಅಷ್ಟೇ ಸಣ್ಣ ಗಾಳಕ್ಕೆ ಗರಿ, ನೂಲು ಸುತ್ತಿ ಹುಸಿನೊಣ ಮಾಡಿ ಬಿಡ್ತೀವಿ. ಇಂಗ್ವಾಲ್ಡ್ ಮಾತ್ರ ಬರೀ ಕೋಲು ಹಿಡಿದು ಸೇತುವೆ ಮೇಲೆ ಕಾಯ್ತಿದ್ದ. ಮೊದಲು ಬಂದವನ ಹತ್ತಿರ ಒಂದು ನೊಣ ಕೇಳ್ತಿದ್ದ, ಬೆರಳು ಮರಗಟ್ಟಿದೆ, ದಾರಕ್ಕೂ ನೀನೇ ಕಟ್ಟಿಕೊಡು ಅಂತಿದ್ದ. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಾಗೆ. ವರ್ಷಗಟ್ಟಲೆ ಇದೇ ಪಾಡು. ನನಗೆ ಮೈ ಉರೀತಿತ್ತು.

ಆಗ ನನಗೆ ಮೂವತ್ತೊಂದು, ಬಾಯಿ ಜೋರು. ಒಂದು ಬೆಳಗ್ಗೆ ಇಂಗ್ವಾಲ್ಡ್ ನನ್ನನ್ನೇ ನೊಣ ಕೇಳಿದಾಗ ಗೆಳೆಯ ಡೆಲ್ಬರ್ಟ್ ಪಕ್ಕದಲ್ಲಿ ನಿಂತಿದ್ದ. ಅವನಿಗೆ ಕಣ್ಣು ಮಿಟುಕಿಸಿ, ಇಕ್ಕಳ ತೆಗೆದು ಗಾಳದ ಕೊಕ್ಕೆಯನ್ನೇ ಕತ್ತರಿಸಿದೆ. ಗರಿ ಉಳೀತು, ಮೊನೆ ಹೋಯ್ತು. ಅಚ್ಚುಕಟ್ಟಾಗಿ ಗಂಟು ಹಾಕಿಕೊಟ್ಟೆ.

"ತಗೋ ಅಜ್ಜಾ, ಹೊಳೆ ಖಾಲಿ ಮಾಡಬೇಡ, ನಮಗೂ ಒಂದೆರಡು ಬಿಡು," ಅಂದೆ.

"ನಿನ್ನ ಕೈ ಒಳ್ಳೇದು ಕಣೋ ವೆಂಡೆಲ್," ಅಂದು ಹೊಳೆಗಿಳಿದ.

ನಾವಿಬ್ಬರೂ ವಿಲ್ಲೋ ಪೊದೆ ಮರೆಯಲ್ಲಿ ಕೂತು ನೋಡಿದ್ವಿ. ಮೀನು ಬಾಯಿ ಹಾಕಿದ ಸದ್ದಿಗೆ ಅವನು ಕೋಲು ಎತ್ತಿದ. ಬರೀ ದಾರ. ಮತ್ತೆ ಬೀಸಿದ, ಮತ್ತೆ ಮೀನು, ಮತ್ತೆ ಬರೀ ದಾರ. ಹೀಗೆ ಏಳು ಸಲ. ಬಾಯಿಗೆ ಟೋಪಿ ಒತ್ತಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ವಿ. ಎಂಟನೇ ಸಲ ಅವನು ಬೀಸಲಿಲ್ಲ. ಬಲಗೈಯನ್ನು ಮುಖದ ಹತ್ತಿರ ತಂದು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ, ಆಮೇಲೆ ದಡ ಹತ್ತಿ ಮನೆಗೆ ಹೋದ.

ಮಾರನೆಯ ದಿನ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಹತ್ತನೇ ದಿನ ಅವನೇ ಫೋನ್ ಮಾಡಿ ಮನೆಗೆ ಕರೆದ.

ಕಾಫಿ ಬಗ್ಗಿಸಿದ, ಲೆಫ್ಸೆ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟ. ಆಮೇಲೆ ಒಂದು ತಗಡಿನ ಡಬ್ಬಿ ನನ್ನ ಮುಂದೆ ತೆರೆದಿಟ್ಟ. ಒಳಗೆ ನೂರಾರು ಹುಸಿನೊಣಗಳು, ಎಲ್ಲ ಅವನೇ ಕಟ್ಟಿದ್ದು. ನಾನು ಜನ್ಮದಲ್ಲಿ ಅಂಥ ಒಂದನ್ನು ಕಟ್ಟಿಲ್ಲ, ಕಟ್ಟೋದೂ ಇಲ್ಲ.

"ಇಷ್ಟೆಲ್ಲ ಇಟ್ಕೊಂಡು ನಮ್ಮನ್ನ ಕೇಳ್ತಿದ್ದೆಯಾ?" ಅಂದೆ.

"ಗಾಳದ ತೂತು ನನ್ನ ಕಣ್ಣಿಗೆ ಕಾಣೋದು ನಿಂತು ಆರು ವರ್ಷ ಆಯ್ತು. ದಾರ ಪೋಣಿಸೋಕೆ ಆಗಲ್ಲ. ಡಾಕ್ಟರೂ ಕೈ ಚೆಲ್ಲಿದ್ರು. ನಿಮ್ಮದೇ ನೊಣ ಕೇಳಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಕುರುಡ ಅನ್ನಿಸಿಕೊಳ್ಳೋದಕ್ಕಿಂತ ಜಿಪುಣ ಅನ್ನಿಸಿಕೊಳ್ಳೋದೇ ವಾಸಿ ಅಲ್ವೇನೋ?"

ಕೈಲಿದ್ದ ರೊಟ್ಟಿಯನ್ನು ವಾಪಸ್ ತಟ್ಟೆಗೆ ಇಟ್ಟೆ.

"ಕಣ್ಣು ಹೋದ್ರೂ ಕಿವಿ ಇದೆ, ಕೈ ಇದೆ ಅಂತಿದ್ದೆ," ಅಂದ. "ಅವತ್ತು ಏಳು ಮೀನು ಬಂದ್ವು, ಒಂದೂ ನಿಲ್ಲಲಿಲ್ಲ. ಕೈಯೂ ಹೋಯ್ತು ಕಣೋ. ಈ ಕೋಲು ನಿನಗೇ ಇರಲಿ."

ಕೋಲು ಗೋಡೆಗೆ ಒರಗಿತ್ತು. ನನ್ನ ನೊಣ ಇನ್ನೂ ಅದರಲ್ಲೇ ಜೋತಾಡ್ತಿತ್ತು. ಮೀನು ಹಿಡಿದಾದ ಮೇಲೆ ನಾವು ಗಾಳದ ಮೊನೆಯನ್ನು ಕೋಲಿನ ಹಿಡಿಗೆ ಹಾಕಿರೋ ಮೆತ್ತನೆ ಬಿರಡೆಗೆ ಚುಚ್ಚಿಡ್ತೀವಿ, ಇದನ್ನು ಚುಚ್ಚಿರಲಿಲ್ಲ.

"ಬಿರಡೆಗೆ ಚುಚ್ಚೋಕೂ ಆಗಲಿಲ್ಲ ನೋಡು," ಅಂದು ಅವನು ನಾಚಿಕೊಂಡು ನಕ್ಕ. "ಅಷ್ಟೂ ಕಸುವಿಲ್ಲ ಈ ಕೈಗೆ."

ಒಂದು ಮಾತು ಸಾಕಿತ್ತು. ಅಜ್ಜಾ, ಅದರಲ್ಲಿ ಮೊನೆಯೇ ಇಲ್ಲ, ಕತ್ತರಿಸಿದವನು ನಾನು ಅಂದಿದ್ದರೆ ಮಾರನೆಯ ದಿನ ಅವನು ಹೊಳೆಯಲ್ಲಿ ಇರ್ತಿದ್ದ. ನನ್ನನ್ನು ಉಗಿದು ಅಟ್ಟುತ್ತಿದ್ದ, ಅಷ್ಟೇ ತಾನೆ. ಅಷ್ಟಕ್ಕೇ ಹೆದರಿದೆ.

"ವಯಸ್ಸಾಯ್ತಲ್ಲ ಅಜ್ಜಾ," ಅಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಕೋಲು ತಗೊಂಡು ಬಂದೆ. ಅವನು ಇನ್ನೂ ಎರಡು ಆಗಸ್ಟ್ ಬದುಕಿದ್ದ. ಎರಡರಲ್ಲೂ ದಿನಾ ಬೆಳಗ್ಗೆ ಸೇತುವೆ ಮೇಲೆ ಸ್ಟೂಲ್ ಹಾಕಿಕೊಂಡು ಕೂತು, ತಿರುವಿನ ಎಡಕ್ಕೆ ಒಂದು ಮೀನು ಎದ್ದಿದೆ, ಬೀಸು ಅಂತ ಕಿವಿಯಲ್ಲೇ ಕೇಳಿ ಹೇಳ್ತಿದ್ದ. ನಾನು ಅವನ ಕೋಲಿನಲ್ಲೇ ಬೀಸ್ತಿದ್ದೆ. ಮೀನು ಸಿಕ್ಕಾಗೆಲ್ಲ ಅವನು ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಹೇಳ್ತಿದ್ದ:

"ನೋಡಿ, ಕೈ ಅಂದ್ರೆ ಅದು."