ಬಾಗಿಲ ಹೊರಗಿನ ಕುರ್ಚಿ

ಕಳೆದ ವಾರ ತರಬೇತಿ ನಡೆಸಲು ಉದಗೀರಕ್ಕೆ ಹೋಗಿದ್ದೆ. ಹೊಸ ಸಭಾಂಗಣದ ಬಾಗಿಲಲ್ಲೇ ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ನಾನು ಮೊದಲು ಕೆಲಸಕ್ಕೆ ಸೇರಿದ ಯೆಣೆಗೂರ, ಅಲ್ಲಿಯ ಶಾಲೆ, ನಮ್ಮ ಹಿರಿಯ ಶಿಕ್ಷಕಿ, ಎಲ್ಲ ನೆನಪಾಯಿತು. ಮಕ್ಕಳಿಗೆ ಅವರು ಮರಾಠಿಯ 'ಬಾಯಿ', ಅಂದರೆ ಟೀಚರು; ನನಗೆ ಅಕ್ಕೋರು.

ಆಗ, ನಮ್ಮ ಭಾಗದ ಊರೂರನ್ನೇ ಕೆಡವಿದ ಭೂಕಂಪವಾಗಿ ಕೆಲವು ವರ್ಷ ಕಳೆದಿದ್ದವು. ಕುಸಿದ ಮನೆಯಲ್ಲಿ ತಂಗಿಯನ್ನು ಕಳೆದುಕೊಂಡಿದ್ದ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸಿಮೆಂಟ್ ಸ್ಲ್ಯಾಬಿನ ಚಾವಣಿಯ ಕೋಣೆಗೆ ಕಾಲಿಟ್ಟರೆ ಸಾಕು, ಅದು ಮೇಲೆ ಬೀಳುತ್ತದೆ ಎನಿಸಿ ಹೊರಗೆ ಓಡಿಬರುತ್ತಿದ್ದೆ. ದೀಪಾವಳಿ ರಜೆಯೊಳಗೆ ಕೋಣೆಯಲ್ಲಿ ನಿಂತು ಪಾಠ ಮಾಡದಿದ್ದರೆ ನೌಕರಿ ಉಳಿಯುವುದಿಲ್ಲ ಎಂದು ಹೆಡ್‌ಮಾಸ್ತರರು ಖಡಾಖಂಡಿತವಾಗಿ ಹೇಳಿ, ನನ್ನನ್ನು ಅಕ್ಕೋರಿಗೆ ಒಪ್ಪಿಸಿದರು.

ಅಕ್ಕೋರ ತರಗತಿ ಯಾವಾಗಲೂ ಬೇವಿನ ಗಿಡದ ಕೆಳಗೆ. "ಗಾಳಿ ಛಲೋ ಬರತದ" ಎನ್ನುತ್ತಿದ್ದರು; ಹಿರಿಯರೆಂದು ಹೆಡ್‌ಮಾಸ್ತರರೂ ತಡೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ತಮ್ಮ ತರಗತಿಯ ಮಕ್ಕಳನ್ನು ಮಗ್ಗಿ ಹೇಳಲು ಹಚ್ಚಿ ಬಂದು, ನನ್ನ ಕೋಣೆಯ ಬಾಗಿಲ ಹೊರಗೆ ಎರಡು ಕುರ್ಚಿ ಹಾಕುತ್ತಿದ್ದರು. ನನ್ನ ಮಕ್ಕಳು ಒಳಗೆ, ನಾವಿಬ್ಬರು ಹೊರಗೆ; ಅಲ್ಲಿಂದಲೇ ನನ್ನ ಪಾಠ. ಕೇಳುತ್ತಿದ್ದುದು ಒಂದೇ ಮಾತು: "ಇವತ್ತ ನಿನ್ನ ಕುರ್ಚಿ ಎಲ್ಲಿ ಹಾಕಲಿ, ಹೇಳವಾ."

ಒಂದು ದಿನ ಹೊಸ್ತಿಲ ಮೇಲೆ ಎಂದೆ. ಇನ್ನೊಂದು ದಿನ ಕಿಟಕಿಯ ಪಕ್ಕ. ಮರುದಿನ ಹೆದರಿ, ಮತ್ತೆ ಹೊರಗೇ ಇರಲಿ ಎಂದರೆ ಹಾಗೇ ಹೊರಗಿಟ್ಟರು. ದೀಪಾವಳಿಗೆ ಮೊದಲೇ ನನ್ನ ಕುರ್ಚಿ ಕರಿಹಲಗೆಯ ಹತ್ತಿರ ಬಂದಿತ್ತು. ಅಕ್ಕೋರ ಕುರ್ಚಿ ಬಾಗಿಲ ಹೊರಗೇ ಉಳಿಯಿತು.

ಈಗ ನಾನು, ಹೊಸ ಶಿಕ್ಷಕರ ಬೆನ್ನಿಗೆ ನಿಲ್ಲುವವರಿಗೆ ತರಬೇತಿ ಕೊಡುತ್ತೇನೆ. ಕೋಚಿಂಗ್ ಎನ್ನುವ ಈ ಕೆಲಸಕ್ಕೆ ಹಲವು ಸಿದ್ಧಾಂತಗಳಿವೆ. ಮೊದಲು ಗುರಿ ಏನೆಂದು ಕೇಳು ಎನ್ನುತ್ತದೆ ಒಂದು. ನನ್ನನ್ನು ಕೇಳಿದ್ದರೆ, ಮನೆಗೆ ಹೋಗುವುದೇ ಗುರಿ ಎನ್ನುತ್ತಿದ್ದೆ. ಸುಮ್ಮನೆ ಕಿವಿಗೊಡು, ಉತ್ತರ ಅವರೊಳಗೇ ಇದೆ ಎನ್ನುತ್ತದೆ ಇನ್ನೊಂದು. ಹಾಗೆ ಮಾಡಿದ್ದರೆ ನಾನು ಅಳುತ್ತಿರುವಾಗಲೇ ದೀಪಾವಳಿ ಬಂದುಬಿಡುತ್ತಿತ್ತು. ಅವರ ಕೈಲಿ ಈಗಾಗಲೇ ಆಗುತ್ತಿರುವ ಕೆಲಸದಿಂದ ಶುರುಮಾಡು ಎನ್ನುವ ಮೂರನೆಯದೇ ಅಕ್ಕೋರ ದಾರಿಗೆ ಹತ್ತಿರ. ಹೊರಗೆ ಕೂತು ಪಾಠ ಮಾಡಲು ನನಗೆ ಆಗುತ್ತಿತ್ತಲ್ಲ, ಅಲ್ಲಿಂದಲೇ ಶುರುಮಾಡಿದ್ದರು. ಆದರೂ ಒಂದು ಕೊರತೆ ಈ ಮೂರಕ್ಕೂ ಇದೆ. ಬೆನ್ನಿಗೆ ನಿಂತು ಪ್ರಶ್ನೆ ಕೇಳುವವರು ಆಗಲೇ ಗಟ್ಟಿಯಾಗಿದ್ದಾರೆ ಎಂದುಕೊಂಡೇ ಇವು ಹೊರಡುತ್ತವೆ.

ಇದು ನನಗೆ ಹೊಳೆದದ್ದು, ಅಕ್ಕೋರು ತೀರಿಕೊಂಡ ಸುದ್ದಿ ಕೇಳಿ ಅವರ ಮನೆಗೆ ಹೋದಾಗ. ಅಂಗಳದ ತಗಡಿನ ಮಾಡಿನ ಕೆಳಗೆ ಅವರ ಮಂಚವಿತ್ತು. ಸೊಸೆ ಹೇಳಿದಳು: "ಭೂಕಂಪ ಆದ ಮ್ಯಾಲೆ ಅತ್ತಿ ಒಂದ ದಿನಾನೂ ಮನಿ ಒಳಗ ಮಲಗಲಿಲ್ಲರೀ. ಸಾಲ್ಯಾಗೂ ಖೋಲಿ ಒಳಗ ಹೋಗತಿದ್ದಿಲ್ಲ. ಅಂಜಿಕಿ ಇತ್ತರೀ ಅವರಿಗಿ." ಬೇವಿನ ಗಿಡ, ಗಾಳಿ, ಹೊರಗಿನ ಆ ಕುರ್ಚಿ... ನಾನು ಅಲ್ಲೇ ಕೂತು ಅತ್ತೆ.

ಉದಗೀರದ ತರಬೇತಿಯಲ್ಲಿ ಈ ಮೂರನ್ನೂ ವಿವರಿಸಿದ ಮೇಲೆ ಒಬ್ಬ ತರುಣ ಎದ್ದು ಕೇಳಿದ: "ಮೇಡಂ, ಇದರಾಗ ಯಾವದು ಛಲೋ?" ಮೂರನೆಯದು ಎಂದು ಧೈರ್ಯವಾಗಿಯೇ ಹೇಳಿದೆ. ಸ್ಲ್ಯಾಬಿನ ಕೆಳಗೆ, ಸಭಾಂಗಣದ ನಟ್ಟನಡುವೆ ನಿಂತಿದ್ದೆ. ಕಣ್ಣು ಬಾಗಿಲ ಕಡೆ ಹೋಯಿತು. ಇವತ್ತು ನಿಮ್ಮ ಕುರ್ಚಿ ಎಲ್ಲಿ ಹಾಕಲಿ ಎಂದು ಅಕ್ಕೋರನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ.