ಬೀಗರ ಬಾನೆಟ್ ಎತ್ತಿದ ಮೇಸ್ತ್ರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಅರ್ಧ ಎತ್ತಿದ ಶಟರಿನ ಹಿಂದೆ ಮೇಸ್ತ್ರಿ ಆಗಲೇ ಒಂದು ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿದ್ದಾರೆ. ಎಂಜಿನ್ನಿನಿಂದ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು, ತುದಿಯ ಹನಿಯನ್ನು ಎರಡು ಬೆರಳ ನಡುವೆ ಉಜ್ಜುತ್ತಾರೆ. ಮೂಸುತ್ತಾರೆ. ಇನ್ನೊಂದು ಹನಿಯನ್ನು ಹಳೇ ಪೇಪರಿನ ಮೇಲೆ ಬಿಟ್ಟು, ಅದು ಹರಡುವುದನ್ನೇ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ, ಅವರ ಕೆಲಸ ನೋಡಲು ಬಂದ ನನ್ನತ್ತ ತಿರುಗುತ್ತಾರೆ.

"ಕಪ್ಪಗಾಯ್ತು ಅಂತ ಹೆದರಬಾರದು ಸಾರ್, ಕೊಳೆ ಹೊತ್ಕೊಳ್ಳೋದೇ ಎಣ್ಣೆ ಕೆಲಸ. ತರಿತರಿ ಸಿಕ್ಕಿದ್ರೆ, ಸುಟ್ಟ ವಾಸನೆ ಬಂದ್ರೆ ಹೆದರಬೇಕು. ಹಾಲು ಬೆರೆಸಿದ ಹಾಗೆ ಕಂಡ್ರೆ ಒಳಗೆ ನೀರು ಸೇರಿದೆ ಅಂತ ಅರ್ಥ."

ಸುತ್ತಲಿನ ಟ್ಯಾಕ್ಸಿಯವರಿಗೆಲ್ಲ ಅವರ ಬೆರಳು ಹೇಳಿದ್ದೇ ಕೊನೆಯ ಮಾತು. ಮನೆಯಲ್ಲಿ ಮಾತ್ರ ಆ ಬೆರಳಿಗೆ ಕಿಮ್ಮತ್ತಿಲ್ಲ. ಬಾಣಲೆಯ ಎಣ್ಣೆಯನ್ನೂ ಉಜ್ಜಿ ನೋಡಲು ಹೋಗಿ ಹೆಂಡತಿಯಿಂದ ಸೌಟಿನ ಏಟು ತಿಂದದ್ದುಂಟು. ಮನೆಯ ಯಾವ ಫೋಟೋದಲ್ಲೂ ಅವರ ಕೈ ಕಾಣುವುದಿಲ್ಲ. "ಉಗುರು ನೋಡೋಕಾಗಲ್ಲ, ಹಿಂದೆ ಇಟ್ಕೊಳ್ಳಿ ಅಂತಾಳೆ. ಸೋಪು ಸವೆಯತ್ತೆ, ಕಪ್ಪು ಹೋಗಲ್ಲ."

ಹೋದ ಭಾನುವಾರದಿಂದ ಮಗಳೂ ಮಾತು ಬಿಟ್ಟಿದ್ದಾಳೆ. ಅವಳು ಮೆಚ್ಚಿದ ಹುಡುಗನ ಅಪ್ಪ ಅಮ್ಮ ಮದುವೆ ಮಾತಾಡಲು ದೊಡ್ಡ ಕಾರಿನಲ್ಲಿ ಬಂದಿದ್ದರು. ಒಳಗೆ ಕಾಫಿ ಆಗುವಷ್ಟರಲ್ಲಿ ಮೇಸ್ತ್ರಿ ಹೊರಗೆ ಹೋಗಿ, ಬೀಗ ಹಾಕದ ಆ ಕಾರಿನ ಬಾನೆಟ್ ಎತ್ತಿಬಿಟ್ಟರು. ವಾಪಸು ಬಂದವರೇ ಕಡ್ಡಿ ಮುರಿದಂತೆ ಹೇಳಿದರು: "ಎಣ್ಣೆ ಡಾಂಬರಾಗಿದೆ ಬೀಗರೇ. ಎಂಜಿನ್ನನ್ನೇ ಹೀಗಿಟ್ಕೊಂಡೋರು ನನ್ನ ಮಗಳನ್ನ ಹೇಗೆ ನೋಡ್ಕೋತೀರಿ?"

ಕಾರು ಬೀಗರದಲ್ಲ. ನಾಲ್ಕು ಜನರೆದುರು ಚೆನ್ನಾಗಿ ಕಾಣಲೆಂದು ಪಕ್ಕದ ಮನೆಯವರಿಂದ ಕೇಳಿ ತಂದದ್ದು. ಅದನ್ನು ಬಾಯಿಬಿಟ್ಟು ಹೇಳಬೇಕಾಯಿತಲ್ಲ ಎಂಬ ಅವಮಾನಕ್ಕೆ ಇಬ್ಬರೂ ಕಾಫಿ ಮುಟ್ಟದೆ ಎದ್ದು ಹೋದರು. ಮದುವೆ ಮಾತು ಅಲ್ಲಿಗೇ ನಿಂತಿದೆ. "ಎಣ್ಣೆ ಸರಿಯಾಗೇ ನೋಡಿದ್ದೆ ಸಾರ್. ಕಾರು ಯಾರದ್ದು ಅಂತ ಕೇಳೋದು ಮರೆತೆ," ಎಂದು ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾರೆ. ಪಾಪ ಅನ್ನಿಸುತ್ತದೆ, ನಗು ತಡೆಯಲೂ ಆಗುವುದಿಲ್ಲ.

ಅಷ್ಟರಲ್ಲಿ ಒಂದು ಹಳೇ ಪುಟ್ಟ ಕಾರು ಬಂದು ನಿಲ್ಲುತ್ತದೆ. ಇಳಿಯುವವನು ಅದೇ ಹುಡುಗ.

"ಇದು ನಂದೇ ಕಾರು, ಮಾವ. ನೋಡಿ."

ಮೇಸ್ತ್ರಿ ಕಡ್ಡಿ ಎಳೆದು ಉಜ್ಜುತ್ತಾರೆ, ಮೂಸುತ್ತಾರೆ. ಜೇನಿನ ಬಣ್ಣ.

"ನಿನ್ನೆ ಹಾಕಿಸಿದ್ದು."

"ಹಾಕಿಸಿದ್ದಲ್ಲ, ನಾನೇ ಹಾಕಿದ್ದು. ಹಳೇದನ್ನ ನಿಮಗೆ ತೋರಿಸೋಕೆ ಧೈರ್ಯ ಬರಲಿಲ್ಲ."

ಮೇಸ್ತ್ರಿ ಅವನ ಕೈ ಹಿಡಿದು ಬೆಳಕಿಗೆ ತಿರುಗಿಸುತ್ತಾರೆ. ಹತ್ತೂ ಉಗುರು ಕಪ್ಪು. ತಮ್ಮ ಕೈಯನ್ನು ಅದರ ಪಕ್ಕ ಹಿಡಿದು ನೋಡುತ್ತಾರೆ. ಆಮೇಲೆ, "ಅಪ್ಪ ಅಮ್ಮ ಸಂಜೆ ಮನೇಲಿರ್ತಾರೇನಪ್ಪ? ನಾನೇ ಬಂದು ತಪ್ಪಾಯ್ತು ಅಂತೀನಿ. ಬಾನೆಟ್ ಮುಟ್ಟಲ್ಲ, ಆಣೆ."

ಹುಡುಗ ಹೋದ ಮೇಲೆ, ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮೇಸ್ತ್ರಿ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

"ಮದುವೆ ಫೋಟೋದಲ್ಲಿ ಕೈ ಮುಂದೆ ಇಟ್ಕೊಂಡು ನಿಲ್ಬೇಕು ಸಾರ್. ಅಳಿಯಂದೂ ಹೀಗೇ ಇದೆ. ಇನ್ನು ಇಬ್ಬರನ್ನೂ ಬೈಯ್ಯೋಕಾಗತ್ತಾ ನನ್ನ ಹೆಂಡ್ತಿಗೆ?"